ಕಡಕ್ ಪೆಟ್ರೋಲು, ಡಾಂಬರ ಗುಳಿಗೆ

ನನ್ನ ಮಗಳ ಕಾರಿನ ಎಂಜಿನ್ ನನ್ನಿಂದ ಒಡೆಯಿತೋ ಇಲ್ಲವೋ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಒಡೆದ ಮೇಲೆ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದು ಮಾತ್ರ ಗೊತ್ತು. ನಾನು ಸುಮ್ಮನಿದ್ದುದರಿಂದ ಗಂಗಾವತಿಯ ಒಬ್ಬ ಗಾಡಿ ಮೇಸ್ತ್ರಿಯ ಹೆಸರು ಕೆಟ್ಟಿತು. ಅದನ್ನು ಹೇಳಬೇಕೆಂದು ಕೂತರೆ ಯಾವುದು ಮೊದಲು, ಯಾವುದು ಆಮೇಲೆ ಎಂದು ತಲೆ ಕೆಡುತ್ತದೆ. ನನಗೆ ಗೊತ್ತಿದೆ ಎಂದು ನಾನು ತಿಳಿದುಕೊಂಡಿದ್ದ ಒಂದೇ ವಸ್ತು ಪೆಟ್ರೋಲು. ಅಲ್ಲಿಂದಲೇ ಹಿಡಿಯುತ್ತೇನೆ.

ನಮ್ಮೂರು ಮಂಗಳೂರು. ಹಾಗೆಂದರೆ ಹೊರಗಿನವರು ಮೀನಿನ ರೇಟು ಕೇಳುತ್ತಾರೆ. ಅದಲ್ಲ, ಯಲಬುರ್ಗಾ ಕಡೆಯ ಮಂಗಳೂರು. ಎಸ್ಸೆಸ್ಸೆಲ್ಸಿ ಮುಗಿಸಿ ಅದೂ ಇದೂ ಕೆಲಸ ಮಾಡಿ, 1997ರಲ್ಲಿ, ಕೊಪ್ಪಳ ಬೇರೆ ಜಿಲ್ಲೆಯಾಗುತ್ತದೆ ಎಂದು ಎಲ್ಲರೂ ಮಾತಾಡುತ್ತಿದ್ದ ಹೊತ್ತಿಗೆ, ಕುಷ್ಟಗಿ ರಸ್ತೆಯ ಒಂದು ಪೆಟ್ರೋಲ್ ಬಂಕಿಗೆ ಸೇರಿದೆ. ಮೊದಲು ಪೈಪು ಹಿಡಿದೆ, ಆಮೇಲೆ ಗಲ್ಲಾಪೆಟ್ಟಿಗೆಯ ಮುಂದೆ ಕೂತೆ, ಕೊನೆಗೆ ಮ್ಯಾನೇಜರ್ ಅನ್ನಿಸಿಕೊಂಡೆ. ಆ ಕಾಲದಲ್ಲಿ ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸುತ್ತಾರೆ ಎಂಬ ಅನುಮಾನ ಎಲ್ಲರಿಗೂ ಇತ್ತು. ಯಾರಾದರೂ ತಕರಾರು ತೆಗೆದರೆ ನಾನು ಬಿಳಿ ಸೋಸುಕಾಗದದ ಮೇಲೆ ಒಂದು ಹನಿ ಬಿಟ್ಟು ತೋರಿಸುತ್ತಿದ್ದೆ. ಕಲೆ ಉಳಿಯದೆ ಆರಿದರೆ ಶುದ್ಧ. ಬೆರೆಸುವುದೆಂದರೆ ಮೋಸ ಎಂಬ ಲೆಕ್ಕದಲ್ಲೇ ನನ್ನ ನೌಕರಿ ಕಳೆಯಿತು. ಈಗ ನೋಡಿದರೆ ಸರ್ಕಾರವೇ ಕಬ್ಬಿನ ಸ್ಪಿರಿಟ್ ಬೆರೆಸಿ ಕೊಡುತ್ತದೆ, ಬಂಕಿನ ಬೋರ್ಡಿನ ಮೇಲೆ ಅದನ್ನು ಹೆಮ್ಮೆಯಿಂದ ಬರೆದಿರುತ್ತಾರೆ. ನಾನು ಯಾವುದನ್ನು ಶುದ್ಧ ಅನ್ನಲಿ?

ನಡುವೆ ಯಾವಾಗಲೋ ಎರಡನೆಯ ಪಂಪು ಬಂತು. ಅದರಲ್ಲಿ ಬೆಲೆ ಹೆಚ್ಚಿನ ಪೆಟ್ರೋಲು. ಅದಕ್ಕೆ ಕಂಪನಿ ಇಟ್ಟ ಇಂಗ್ಲಿಷ್ ಹೆಸರು ನಮ್ಮ ಜನರ ಬಾಯಿಗೆ ಕೂರಲಿಲ್ಲ. ಒಂದು ದಿನ ಒಬ್ಬ ಗುತ್ತಿಗೆದಾರ ಬಂದು, ಚಹಾದ ಅಂಗಡಿಯಲ್ಲಿ ಹೇಳುವಂತೆಯೇ, "ಒಂದು ಕಡಕ್ ಹಾಕ್ರಿ" ಅಂದ. ಅಂದಿನಿಂದ ಅದು ಕಡಕ್ ಪೆಟ್ರೋಲು, ಇನ್ನೊಂದು ಸಾದಾ. ಕಡಕ್ ಎಂದರೆ ಏನೆಂದು ಜನ ಕೇಳಿದಾಗ ನಾನು ಹೇಳುತ್ತಿದ್ದುದು: "ಭಾಳ ಖಾರ ಇರತೈತ್ರಿ. ಕಡ್ಡಿ ತೋರಿಸೂದ ತಡ, ಭಗ್ ಅಂತೈತಿ." ಯಾರೂ ನನಗೆ ಹೇಳಿಕೊಟ್ಟಿದ್ದಲ್ಲ ಅದು. ಹೆಸರಿನಿಂದ ನಾನೇ ಅರ್ಥ ಮಾಡಿಕೊಂಡಿದ್ದೆ. ಅದು ಪೂರಾ ಉಲ್ಟಾ ಎಂದು ತಿಳಿದದ್ದು ನಿವೃತ್ತನಾಗಿ ಎಷ್ಟೋ ದಿನದ ಮೇಲೆ, ನನ್ನ ಮನೆಯ ಅಂಗಳದಲ್ಲೇ.

ನನ್ನ ಮಗಳು ಗಿಣಿಗೇರಾದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಕಬ್ಬಿಣದ ಚೂರು ಪರೀಕ್ಷೆ ಮಾಡಿ ಇದು ಪಾಸು, ಇದು ನಪಾಸು ಎಂದು ಹೇಳುವುದು ಅವಳ ಕೆಲಸ. ನಮ್ಮ ಜೊತೆ ಕೊಪ್ಪಳದಲ್ಲೇ ಇದ್ದಾಳೆ. ನಾಲ್ಕೈದು ವರ್ಷದ ಹಿಂದೆ ಒಂದು ಹಳೆಯ ಕಾರು ತಂದಳು. ನೋಡಲು ಸಣ್ಣದು. ಅದರಲ್ಲಿ ಟರ್ಬೊ ಎಂಬ ಫ್ಯಾನು ಇದೆ, ಅದು ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ, ಅದಕ್ಕೇ ಗಾಡಿ ಹಾರುತ್ತದೆ ಅಂದಳು. ಇದ್ದದ್ದು ಸಾಲದೆಂದು ಅದನ್ನು ಗಂಗಾವತಿಯ ಮೇಸ್ತ್ರಿಯ ಹತ್ತಿರ ಒಯ್ದು ಇನ್ನೂ ದೊಡ್ಡ ಟರ್ಬೊ ಹಾಕಿಸಿದಳು. ಆ ಮೇಸ್ತ್ರಿ ಅಲ್ಲೇ ಹತ್ತಿರದ ಸಿದ್ದಾಪುರದ ಕಡೆಯವನು, ಭತ್ತ ಕೊಯ್ಯುವ ಯಂತ್ರಗಳ ಟರ್ಬೊ ಬಿಚ್ಚಿ ಬಿಚ್ಚಿ ಕಲಿತವನು. ಆಮೇಲೆ ಲ್ಯಾಪ್‌ಟಾಪ್ ಹಚ್ಚಿ ಎಂಜಿನ್ನಿನ ಜೋರು ಏರಿಸುವ ಟ್ಯೂನಿಂಗ್ ಕಲಿತು ಕಾರುಗಳಿಗೂ ಇಳಿದ. ಹೊಸಪೇಟೆ, ಸಿಂಧನೂರಿನ ಹುಡುಗರು ಅವನ ಶೆಡ್ಡಿಗೆ ಗಾಡಿ ತರುತ್ತಿದ್ದರು.

ಕಾರನ್ನು ಅಷ್ಟು ಮಾಡಿಸಿದ್ದು ಟ್ರ್ಯಾಕ್ ಡೇಗೆ. ರೇಸು ಓಡಿಸುವ ರಸ್ತೆಯನ್ನು ಒಂದು ದಿನ ಎಲ್ಲರಿಗೂ ಬಿಟ್ಟುಕೊಡುತ್ತಾರಂತೆ. ದುಡ್ಡು ಕಟ್ಟಿ ನಿಮ್ಮ ಗಾಡಿಯನ್ನು ನೀವೇ ಓಡಿಸಬಹುದು. ಅದು ಚೆನ್ನೈ ಹತ್ತಿರ.

"ಗೆದ್ದರ ಏನ್ ಕೊಡ್ತಾರ?" ಎಂದು ಕೇಳಿದೆ.

"ಗೆಲ್ಲೂದ ಇಲ್ಲಪ್ಪಾ. ಸುಮ್ನ ಓಡಿಸೂದು."

"ಸುಮ್ನ ಓಡಿಸಾಕ ಚೆನ್ನೈಗೆ ಯಾಕ? ಕುಷ್ಟಗಿ ಹೈವೇ ಖಾಲಿ ಇರತೈತಿ."

"ಹೈವೇದಾಗ ಎಮ್ಮಿ ಬರ್ತಾವು. ಅಲ್ಲಿ ಬರಂಗಿಲ್ಲ," ಅಂದಳು.

ಅವಳ ತಾಯಿ ಒಳಗಿನಿಂದ, "ಎಮ್ಮಿಗೆ ಇರೂ ಬುದ್ಧಿ ನಿಮಗಿಬ್ಬರಿಗೂ ಇಲ್ಲ," ಅಂದಳು.

ಹೋಗುವ ಹಿಂದಿನ ದಿನ ಮೇಸ್ತ್ರಿ ಕಾರು ಬಿಡಲು ನಮ್ಮ ಮನೆಗೆ ಬಂದ. ಅಂಗಳದಲ್ಲಿ ಮೂವರೂ ಚಹಾ ಕುಡಿಯುತ್ತ ನಿಂತಿದ್ದೆವು. ಟ್ರ್ಯಾಕಿಗೆ ಯಾವ ಪೆಟ್ರೋಲು ಎಂಬ ಮಾತು ಬಂತು. ದಾರಿಯಲ್ಲಿ ಸಾದಾ ಹಾಕಿಕೊಂಡು ನಿಧಾನಕ್ಕೆ ಹೋಗಬೇಕು, ಬೆಂಗಳೂರು ಬರುವ ಹೊತ್ತಿಗೆ ಟ್ಯಾಂಕು ಆದಷ್ಟು ಖಾಲಿ ಮಾಡಿಕೊಂಡು ಅಲ್ಲಿ ನೂರು ನಂಬರಿನದ್ದು, ಅಂದರೆ ನೂರು ಆಕ್ಟೇನಿನ ಪೆಟ್ರೋಲು, ತುಂಬಿಸಬೇಕು ಎಂದು ಮೇಸ್ತ್ರಿ ಹೇಳುತ್ತಿದ್ದ. ಆಗ ಮಗಳು ನನ್ನ ಕಡೆ ತಿರುಗಿ, "ಅಪ್ಪಾ, ನಿಮ್ಮ ಕಡಕ್ ನಡಿಯಂಗಿಲ್ಲೇನು? ಇಲ್ಲೇ ತುಂಬಿಸಿದ್ರ ಬೆಂಗಳೂರಾಗ ತಿರುಗೂದು ತಪ್ಪತೈತಿ," ಎಂದು ಕೇಳಿದಳು.

ಅವಳು ದೊಡ್ಡವಳಾದ ಮೇಲೆ ನನ್ನನ್ನು ಏನನ್ನಾದರೂ ಕೇಳಿದ್ದು ಅಪರೂಪ. ಫೋನು ಕೇಳುತ್ತಾಳೆ, ಲ್ಯಾಬಿನವರನ್ನು ಕೇಳುತ್ತಾಳೆ. ನನ್ನ ಎದೆ ಅರ್ಧ ಗೇಣು ಉಬ್ಬಿತು. "ನಡಿಯೂದೇನು, ಓಡತೈತಿ," ಅಂದೆ. "ಕಡಕ್ ಅಂದ್ರ ಖಾರ. ಜಲ್ದಿ ಹೊತ್ತತೈತಿ. ಜಲ್ದಿ ಹೊತ್ತಿದ್ರ ಜಲ್ದಿ ಓಡತೈತಿ."

ಮೇಸ್ತ್ರಿ ಚಹಾದ ಬಸಿ ಕೆಳಗಿಟ್ಟು ನಕ್ಕ. "ಕಾಕಾ, ಉಲ್ಟಾ ಹೇಳಿದ್ರಿ. ನಂಬರ್ ಹೆಚ್ಚಾದಂಗ ಅದು ಜಲ್ದಿ ಹೊತ್ತಂಗಿಲ್ಲ. ತಡಕೊಂತೈತಿ. ಟರ್ಬೊ ಗಾಳಿ ಒತ್ತಿದಾಗ ಒಳಗ ಕಾವು ಆಗತೈತಿ. ಸಾದಾ ಪೆಟ್ರೋಲಿಗೆ ಸಬೂರಿ ಇಲ್ಲ. ಕಿಡಿ ಬರೂದಕ್ಕಿಂತ ಮದಲ ತಾನ ಹೊತ್ತಿ ಪಿಸ್ಟನ್ನಿಗೆ ಕುಟ್ಟತೈತಿ. ರೋಡಿನ್ಯಾಗ ಒಂದು ಗಳಿಗಿ ಒತ್ತತೀರಿ, ಬಿಡತೀರಿ. ಟ್ರ್ಯಾಕಿನ್ಯಾಗ ಒತ್ತಿದ್ದು ಒತ್ತಿದ್ದ. ಅದಕ್ಕ ಸಬೂರಿ ಇರೂ ಪೆಟ್ರೋಲ್ ಬೇಕು. ನಿಮ್ಮ ಕಡಕ್ಕಿಂದೂ ಅಷ್ಟು ಸಬೂರಿ ಸಾಲಂಗಿಲ್ಲ, ನೂರರದ್ದ ಬೇಕು."

"ನಾ ಇಪ್ಪತ್ತು ವರ್ಷ ಪೆಟ್ರೋಲ್‌ನ್ಯಾಗ ಇದ್ದಂವ," ಅಂದೆ.

"ಇದ್ದೀರಿ. ಮಾರೀರಿ. ಸುಟ್ಟು ನೋಡಿಲ್ಲ," ಅಂದ ಅವನು. ಚೇಷ್ಟೆಗೆ ಅಂದದ್ದು. ಮಗಳೂ ನಕ್ಕಳು. ನಾನೂ ನಕ್ಕೆ. ಆದರೆ ಅವಳು ನಕ್ಕಿದ್ದು ನನಗೆ ಮುಳ್ಳಿನಂತೆ ಚುಚ್ಚಿತು.

ಅವನು ಹೇಳಿದ್ದು ನನ್ನ ತಲೆಗೆ ಹೋಗಲೂ ಇಲ್ಲ. ಬೆಲೆ ಹೆಚ್ಚು, ಹೊತ್ತುವುದು ತಡ. ಹಾಗಾದರೆ ಜನ ಹೆಚ್ಚಿಗೆ ಕೊಟ್ಟು ಕೊಳ್ಳುವುದು ಏನನ್ನು? ತಡವನ್ನೇ? ಆ ದಿನವೆಲ್ಲ ಇದನ್ನೇ ಯೋಚಿಸಿದೆ. ಕಡೆಗೆ ನನಗೆ ನೆನಪಾದದ್ದು ನನ್ನ ಹಳೆಯ ಮೊಪೆಡ್. ಬಂಕಿಗೆ ಸೇರಿದ ಹೊಸದರಲ್ಲಿ ಅದು ದಿಬ್ಬ ಹತ್ತುವಾಗ ಕಟಕಟ ಎಂದು ಸದ್ದು ಮಾಡುತ್ತಿತ್ತು. ಒಬ್ಬ ಲಾರಿ ಡ್ರೈವರ್, "ಟ್ಯಾಂಕಿಗೆ ಎರಡು ಡಾಂಬರ ಗುಳಿಗಿ ಒಗೀರಿ," ಅಂದಿದ್ದ. ಬಟ್ಟೆಯ ನಡುವೆ ಹುಳ ಬೀಳದಂತೆ ಇಡುವ ಬಿಳಿಯ ಗುಳಿಗೆ ಅದು. ಹಾಕಿದೆ. ಸದ್ದು ನಿಂತಿತು. ಆಗ ಎಷ್ಟೋ ಜನ ಹಾಗೆ ಮಾಡುತ್ತಿದ್ದರು. ಸದ್ದು ನಿಲ್ಲಿಸಿದ್ದು ಗುಳಿಗೆಯೋ, ನನ್ನ ನಂಬಿಕೆಯೋ ಎಂದು ಈಗ ಅನುಮಾನ ಬರುತ್ತದೆ. ಆಗ ಅನುಮಾನ ಇರಲಿಲ್ಲ. ಕುಟ್ಟುವುದನ್ನು ನಿಲ್ಲಿಸುವ ಮದ್ದು ನನ್ನ ಹತ್ತಿರವೂ ಇದೆ, ಇದನ್ನು ಹಾಕಿದರೆ ಗಾಡಿ ಚೆನ್ನಾಗಿ ಓಡುತ್ತದೆ, ಬಂದ ಮೇಲೆ ಹೇಳಿ ಮೇಸ್ತ್ರಿಯ ಬಾಯಿ ಮುಚ್ಚಿಸುತ್ತೇನೆ ಎಂದುಕೊಂಡೆ.

ಹೆಂಡತಿಯ ಸೀರೆ ಟ್ರಂಕಿನಿಂದ ಗುಳಿಗೆಗಳನ್ನೆಲ್ಲ ಬಾಚಿಕೊಂಡೆ. ಬೆಳಗಿನ ಜಾವ ಎದ್ದು, ಒರಳಲ್ಲಿ ಕುಟ್ಟಿ, ನನ್ನ ಸ್ಕೂಟರಿನಿಂದ ಬಾಟಲಿಗೆ ತೆಗೆದ ಪೆಟ್ರೋಲಿನಲ್ಲಿ ಕರಗಿಸಿ, ಪಂಚೆಯ ಚುಂಗಿನಲ್ಲಿ ಸೋಸಿ, ಕಾರಿನ ಟ್ಯಾಂಕಿಗೆ ಸುರಿದೆ. ಸೋಸಿದ್ದು ನೆನಪಾದಾಗ ಇನ್ನೂ ನಾಚಿಕೆಯಾಗುತ್ತದೆ; ಅಷ್ಟು ಮುತುವರ್ಜಿಯಿಂದ ಮಾಡಿದ್ದೆ ನಾನು ಆ ಕೆಲಸವನ್ನು. ಮಗಳು ಎದ್ದು, ಸ್ನಾನ ಮಾಡಿ, ಉಪ್ಪಿಟ್ಟು ತಿಂದು ಹೊರಟಳು. ನಾನು ಗೇಟು ತೆಗೆದು ನಿಂತು ಕೈ ಬೀಸಿದೆ.

ಕಾರು ತಿರುಗಿ ಬಂದದ್ದು ಲಾರಿಯ ಮೇಲೆ.

ಅವಳು ಬೆಂಗಳೂರಿನಲ್ಲಿ ನೂರು ಆಕ್ಟೇನಿನದ್ದನ್ನೇ ತುಂಬಿಸಿದ್ದಳು. ಟ್ಯಾಂಕಿನಲ್ಲಿ ಹಳೆಯದು ಎಷ್ಟು ಉಳಿದಿತ್ತೋ ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಟ್ರ್ಯಾಕಿನಲ್ಲಿ ಬೆಳಿಗ್ಗೆಯೆಲ್ಲ ಚೆನ್ನಾಗಿ ಓಡಿದೆ. ಊಟದ ಮೇಲೆ ಬಿಸಿಲಿನಲ್ಲಿ ಇಳಿದಾಗ ಎಂಜಿನ್ನಿನ ಒಳಗೆ ಯಾರೋ ಸುತ್ತಿಗೆ ಹಿಡಿದು ಬಡಿದಂತೆ ಸದ್ದು ಬಂದು, ಬಿಳಿ ಹೊಗೆ ಎದ್ದು, ನಿಂತುಬಿಟ್ಟಿತಂತೆ.

ಗಂಗಾವತಿಯ ಶೆಡ್ಡಿನಲ್ಲಿ ಎಂಜಿನ್ ಬಿಚ್ಚಿದ ದಿನ ನಾನೂ ಹೋಗಿದ್ದೆ. ಪಿಸ್ಟನ್ನಿನ ಒಂದು ಅಂಚು ಇಲಿ ಕಚ್ಚಿದ ರೊಟ್ಟಿಯಂತೆ ಮುರಿದಿತ್ತು. ಮೇಸ್ತ್ರಿ ಟ್ಯಾಂಕಿನ ಪೆಟ್ರೋಲನ್ನು ಒಂದು ಬಸಿಯಲ್ಲಿ ಬಿಸಿಲಿಗಿಟ್ಟ. ಅದು ಆರಿದ ಮೇಲೆ ತಳದಲ್ಲಿ ತೆಳ್ಳಗೆ, ಉಪ್ಪು ಹಿಡಿದಂತೆ ಬೆಳ್ಳಗಿನ ಪೊರೆ ಕಂಡಿತು.

"ಏನೋ ಬೆರಸ್ಯಾರ ನೋಡ್ರಿ ಅಕ್ಕಾರ," ಅಂದ. "ಇದು ಪೆಟ್ರೋಲಿನ ದೋಷ."

"ಬೆಂಗಳೂರಿನ ದೊಡ್ಡ ಬಂಕಿನ್ಯಾಗ ಹಾಕಿಸೀನಿ. ಅಲ್ಲೇ ಹಾಕಿಸಿದವರ ಮೂರು ಗಾಡಿ ಟ್ರ್ಯಾಕಿನ್ಯಾಗಿದ್ದೂವು. ಅವಕ್ಕೇನೂ ಆಗಲಿಲ್ಲ. ನಂದ ಯಾಕ ಹೋತು? ಟ್ಯೂನಿಂಗ್ ಹೆಚ್ಚು ಮಾಡಿ ಈಗ ಪೆಟ್ರೋಲಿನ ಮ್ಯಾಲ ಹಾಕ್ತಿಯೇನು?"

"ನಾ ಹೆಚ್ಚು ಮಾಡಿಲ್ಲ."

"ಹಂಗಾದ್ರ ಇದೇನು? ಉಪ್ಪ?" ಅವಳು ಬಸಿ ಎತ್ತಿ ನನ್ನ ಮುಂದೆ ಹಿಡಿದಳು. "ನೀ ನೋಡಪ್ಪಾ. ನೀ ಬಂಕಿನ್ಯಾಗ ಇದ್ದಂವ. ಇಂಥಾದ್ದು ನೋಡಿಯೇನು?"

ಬಸಿ ನನ್ನ ಮೂಗಿನ ಹತ್ತಿರವಿತ್ತು. ನನ್ನ ಹೆಂಡತಿಯ ಟ್ರಂಕಿನ ವಾಸನೆ ಬಂತು. ಅವರಿಬ್ಬರಿಗೂ ಅದು ಯಾಕೆ ತಿಳಿಯಲಿಲ್ಲವೋ, ಗ್ರೀಸು ಎಣ್ಣೆಯ ಶೆಡ್ಡಿನಲ್ಲಿ ಅವರ ಮೂಗು ಮಂದವಾಗಿತ್ತೋ ಏನೋ. ನಾನು, "ಇಲ್ಲವ್ವ, ಹಿಂತಾದ್ದು ನೋಡಿಲ್ಲ," ಅಂದೆ.

ಅದೇ ನನ್ನ ತಪ್ಪು. ಗುಳಿಗೆ ಹಾಕಿದ್ದನ್ನು ದಡ್ಡತನ ಅನ್ನಬಹುದು. ಇದನ್ನು ಏನನ್ನಬೇಕು?

ಬಂಕಿನಲ್ಲಿದ್ದ ಅಪ್ಪನೇ ನೋಡಿಲ್ಲವೆಂದ ಮೇಲೆ ಪೆಟ್ರೋಲಿನ ದೋಷವೆಂಬುದು ಮೇಸ್ತ್ರಿಯ ನೆಪವೇ ಎಂದು ತಿಳಿದು, ಮಗಳು ಕಾರನ್ನು ಅಲ್ಲಿಂದ ಎಳೆಸಿಕೊಂಡು ಬಂದು ನಮ್ಮ ಮನೆಯ ಪಕ್ಕ ತಾಡಪತ್ರಿ ಹೊದಿಸಿ ನಿಲ್ಲಿಸಿದಳು. ಟ್ರ್ಯಾಕಿಗೆ ಹೋಗುವವರದ್ದು ಒಂದು ವಾಟ್ಸಾಪ್ ಗುಂಪು ಇದೆ. ಅದರಲ್ಲಿ ಮೇಸ್ತ್ರಿಯ ಶೆಡ್ಡಿನ ಹೆಸರು ಹಾಕಿ, ಮುರಿದ ಪಿಸ್ಟನ್ನಿನ ಫೋಟೊ ಹಾಕಿ, ಇವನ ಕೈಗೆ ಗಾಡಿ ಕೊಡಬೇಡಿ ಎಂದು ಬರೆದಳು. ಹೊಸಪೇಟೆಯ ಇಬ್ಬರು ಹುಡುಗರು ಅರ್ಧ ಬಿಚ್ಚಿದ್ದ ತಮ್ಮ ಗಾಡಿಗಳನ್ನು ಅವನ ಶೆಡ್ಡಿನಿಂದ ಹಾಗೆಯೇ ಹೊತ್ತುಕೊಂಡು ಹೋದರು ಎಂದು ಆಮೇಲೆ ಕೇಳಿದೆ. ಅವನು ಮತ್ತೆ ಭತ್ತದ ಯಂತ್ರಗಳಿಗೇ ಇಳಿದ.

ನನಗೆ ಸಂಕಟವಾಗುತ್ತಿತ್ತು. ಅದರ ಜೊತೆಗೇ ಇನ್ನೊಂದು ಮಾತು ತಲೆಯಲ್ಲಿ ಓಡುತ್ತಿತ್ತು: ಗುಳಿಗೆಯಿಂದಲೇ ಒಡೆಯಿತೆಂದು ಯಾರು ಹೇಳಿದರು? ಮೊಪೆಡ್ಡಿಗೆ ಏನೂ ಆಗಿರಲಿಲ್ಲವಲ್ಲ. ಟ್ಯೂನಿಂಗ್ ನಿಜವಾಗಿಯೂ ಹೆಚ್ಚಿದ್ದರೆ? ಖಾತ್ರಿ ಇಲ್ಲದ್ದನ್ನು ಒಪ್ಪಿಕೊಂಡರೆ ಅದೂ ಒಂದು ಸುಳ್ಳಾಗುವುದಿಲ್ಲವೇ? ಹೀಗೆ ನನಗೆ ನಾನೇ ವಕೀಲನಾಗಿ ಮಳೆಗಾಲ ಪೂರ್ತಿ ಕಳೆದೆ.

ದಸರೆಯ ಹೊತ್ತಿಗೆ ಹೆಂಡತಿ ಟ್ರಂಕು ತೆಗೆದಳು. "ಏನ್ರಿ, ಡಾಂಬರ ಗುಳಿಗಿ ಒಂದೂ ಇಲ್ಲ. ಹುಳಾನ ಅವನ್ನ ತಿಂದು ಹೋದ್ವೇನು?" ಅವಳ ಮದುವೆಯ ಇಳಕಲ್ ಸೀರೆಯ ಸೆರಗಿನಲ್ಲಿ ತೂತು ಬಿದ್ದಿತ್ತು. ನಾನು ಅವಳಿಗೆ ಎಲ್ಲ ಹೇಳಿದೆ. ಅವಳು ಸೀರೆ ಮಡಚಿ ಇಟ್ಟು, "ನನ್ನ ಮುಂದ ಹೇಳಿ ಏನ್ ಮಾಡ್ತೀರಿ? ಸೀರಿ ನಾ ಹೊಲಕೊಂತೀನಿ. ಅವನ ಹೊಟ್ಟಿಪಾಡು ನೀವು ಹೊಲಿತೀರೇನು?" ಅಂದಳು.

ಮರುದಿನ ಗಂಗಾವತಿಯ ಬಸ್ಸು ಹತ್ತಿದೆ. ಮೇಸ್ತ್ರಿ ಒಂದು ಕೊಯ್ಲಿನ ಯಂತ್ರದ ಕೆಳಗೆ ಮಲಗಿದ್ದ. ಕಾಲಷ್ಟೇ ಕಾಣುತ್ತಿತ್ತು. ಆ ಕಾಲಿಗೇ ಹೇಳಿದೆ ಎಲ್ಲವನ್ನೂ. ಮುಖ ನೋಡಿ ಹೇಳಲು ನನಗೆ ಧೈರ್ಯ ಇರಲಿಲ್ಲ. ಅವನು ಹೊರಗೆ ಬಂದು ಕೈ ಒರೆಸಿಕೊಂಡ.

"ಡಾಂಬರ ಗುಳಿಗೀರಿ?"

"ಹೂಂ."

"ಟರ್ಬೊ ಗಾಡಿಗೆ?"

"ಹೂಂನಪ್ಪ."

ಬೈಯುತ್ತಾನೆ ಎಂದು ಕಾದೆ. ಅವನು ನಕ್ಕ, ಆದರೆ ಆ ನಗು ಚೆನ್ನಾಗಿರಲಿಲ್ಲ. "ಕಾಕಾ, ಅಷ್ಟರಿಂದ ಪಿಸ್ಟನ್ ಹೋಗಿರಲಿಕ್ಕಿಲ್ಲ ಅನಸ್ತೈತಿ. ಹೋದರೂ ಹೋಗಿರಬಹುದು. ಅದರ ಗಸಿ ಹೋಗಿ ಪೆಟ್ರೋಲ್ ಚಿಮ್ಮೂ ಸಣ್ಣ ತೂತು ಕಟ್ಟಿದ್ರ, ಎಂಜಿನ್ನಿಗೆ ಪೆಟ್ರೋಲ್ ಕಡಿಮಿ ಆಗಿ ಕುಟ್ಟಿರಬಹುದು. ನಾನೂ ಒಂದು ಖರೇ ಹೇಳ್ತೀನಿ. ಅಕ್ಕಾರು ಇನ್ನಷ್ಟು ಬೇಕು, ಇನ್ನಷ್ಟು ಬೇಕು ಅಂದಿದ್ದಕ್ಕ ನಾ ಕಿಡಿ ಕೂದಲೆಳಿಯಷ್ಟು ಜಲ್ದಿ ಬರೂವಂಗ ಇಟ್ಟಿದ್ದೆ. ನೂರರ ಪೆಟ್ರೋಲಿಗೆ ಅದು ತಡೀತಿತ್ತು. ಹಳೇ ಸಾದಾ ಕೂಡಿದ್ದಕ್ಕ ತಡೀತೋ ಇಲ್ಲೋ."

"ಹಂಗಾದ್ರ ಯಾರಿಂದ ಹೋತಪ?"

"ಯಾರಿಗೆ ಗೊತ್ರಿ. ಆದರ ಹೆಸರು ಹೋಗಿದ್ದು ನನ್ನೊಬ್ಬನದ." ನಟ್ಟು ಬಿಗಿಯುವ ಪಾನಾ ತೆಗೆದುಕೊಂಡು ಮತ್ತೆ ಯಂತ್ರದ ಕೆಳಗೆ ಹೋಗುತ್ತ, "ನನ್ನ ಮುಂದ ಹೇಳಿದ್ರ ಏನ್ ಉಪಯೋಗ? ಎಲ್ಲಿ ಬರದಾರೋ ಅಲ್ಲಿ ಹೇಳ್ರಿ," ಅಂದ. ಅಡಿಯಿಂದ ಇನ್ನೊಂದು ಮಾತು ಬಂತು: "ಬಸ್ ಚಾರ್ಜ್ ಇಟ್ಟುಕೊಂಡು ಬಂದೀರೇನು?" ಚೇಷ್ಟೆಯೋ, ಕನಿಕರವೋ ತಿಳಿಯಲಿಲ್ಲ.

ಮಗಳು ಕೆಲಸದಿಂದ ಬಂದು ಬೂಟು ಬಿಚ್ಚುತ್ತಿದ್ದಾಗಲೇ ಹೇಳಿಬಿಟ್ಟೆ, ಅವಳು ಕೂತರೆ ನನ್ನ ಧೈರ್ಯ ಕೂತುಬಿಡುತ್ತದೆಂದು. ಅವಳು ಒಂದು ಬೂಟು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು. ಕಿರುಚಲಿಲ್ಲ. ಲ್ಯಾಬಿನಲ್ಲಿ ಕೇಳುವಂತೆ ಕೇಳಿದಳು.

"ಯಾವ ಗುಳಿಗಿ?"

"ಡಾಂಬರ ಗುಳಿಗಿವ್ವ. ಬಿಳೇದು."

"ಬಿಳೇದು ಎರಡು ನಮೂನಿ ಇರತಾವ. ನೀ ಮೊಪೆಡ್ಡಿಗೆ ಹಾಕಿದ್ದು ಒಂದು, ಈಗ ಅಂಗಡ್ಯಾಗ ಬರೂದು ಇನ್ನೊಂದು ಇರಬಹುದು. ಹೆಸರು ಒಂದ, ಒಳಗಿನ ರಸಾಯನ ಬ್ಯಾರೆ. ಪೊಟ್ಟಣ ಐತೇನು?"

ಪೊಟ್ಟಣ ಎಂದೋ ಒಲೆಗೆ ಹೋಗಿತ್ತು. ಹೆಸರು ಒಂದು, ಒಳಗೆ ಬೇರೆ. ನನ್ನ ಕಡಕ್ಕಿನ ಕತೆಯೂ ಅದೇ ಆಗಿತ್ತು. ಅವಳು ಬೂಟು ಕೆಳಗಿಟ್ಟಳು. "ಶೆಡ್ಡಿನ್ಯಾಗ ಬಸಿ ಹಿಡದು ನಿನ್ನ ಕೇಳಿದ್ನಲ್ಲಪಾ," ಅಂದಳು. ಅಷ್ಟೇ. ಅಷ್ಟು ಹೇಳುವಾಗ ಅವಳ ದನಿ ಒಡೆಯಿತು. ಗಾಡಿ ಒಡೆದಾಗಲೂ ಅವಳು ಹಾಗೆ ಆಗಿರಲಿಲ್ಲ.

ರೊಟ್ಟಿ ತಿಂದ ಮೇಲೆ ಫೋನು ತಂದು ನನ್ನ ಮುಂದೆ ಹಿಡಿದಳು. "ನಾ ಬರದ್ರ ನನ್ನ ಮಾತು ಆಗತೈತಿ. ನೀನ ಮಾತಾಡು. ಗುಂಪಿಗೆ ಹೋಗತೈತಿ."

ನಾನು ಮಾತಾಡಿದೆ. ಮೊದಲ ಸಲ ಕೆಮ್ಮು ಬಂತು, ಎರಡನೆಯ ಸಲ ಹೆಂಡತಿ ಒಳಗಿನಿಂದ ಹಾಲಿನವನಿಗೆ ಕೂಗಿದ್ದು ಸೇರಿತು, ಮೂರನೆಯದನ್ನು ಕಳಿಸಿದಳು. "ನಮಸ್ಕಾರ್ರಿ ಎಲ್ಲಾರಿಗೂ. ನಾ ಆ ಕಾರಿನ ಹುಡುಗಿ ಅಪ್ಪ. ಟ್ಯಾಂಕಿಗೆ ಡಾಂಬರ ಗುಳಿಗಿ ಕರಗಿಸಿ ಹಾಕಿದಂವ ನಾನ. ಮಗಳಿಗೆ ಗೊತ್ತಿದ್ದಿಲ್ಲ, ಮೇಸ್ತ್ರಿಗೂ ಗೊತ್ತಿದ್ದಿಲ್ಲ. ಶೆಡ್ಡಿನ್ಯಾಗ ಕೇಳಿದಾಗ ಸುಳ್ಳು ಹೇಳೀನಿ. ಪಿಸ್ಟನ್ ಯಾಕ ಹೋತಂತ ನನಗ ಗೊತ್ತಿಲ್ರಿ, ಆದರ ಮೇಸ್ತ್ರಿಯಿಂದನ ಹೋತು ಅಂತ ಯಾರೂ ಹೇಳಾಕ ಬರಂಗಿಲ್ಲ. ತಪ್ಪಾತ್ರಿ."

ಮಗಳು ಅದರ ಕೆಳಗೆ, ಮೇಸ್ತ್ರಿಯ ಬಗ್ಗೆ ತಾನು ಬರೆದದ್ದನ್ನು ಹಿಂದಕ್ಕೆ ತಗೊಂಡಿದ್ದೇನೆ ಎಂದು ಬರೆದಳು. ಮುರಿದ ಪಿಸ್ಟನ್ನಿನ ಫೋಟೊ ತೆಗೆದುಹಾಕಲು ಹೋದರೆ ಅದು ಎಷ್ಟೋ ಜನರ ಫೋನಿನಲ್ಲಿ ಕೂತಾಗಿತ್ತು. ಉತ್ತರಗಳು ಬರತೊಡಗಿದವು. ನಗುವ ಮುಖಗಳೇ ಹೆಚ್ಚು. ಒಬ್ಬ ನನಗೆ ಕೈ ಮುಗಿದಿದ್ದ. ಇಬ್ಬರು, ಅಂಕಲ್, ಒಂದು ಲೀಟರಿಗೆ ಎಷ್ಟು ಗುಳಿಗೆ, ನಾವೂ ಹಾಕಿ ನೋಡಬಹುದಾ ಎಂದು ಕೇಳಿದ್ದರು. ಬೇಡಿರಪ್ಪಾ ಎಂದು ಇನ್ನೊಂದು ಧ್ವನಿ ಕಳಿಸಿದೆ. ನಾನು ಒಪ್ಪಿಕೊಂಡಿದ್ದನ್ನು ಅವರು ಸಲಹೆ ಎಂದು ತಿಳಿದರೆ ನಾನೇನು ಮಾಡಲಿ?

ಮುಂದಿನ ಭಾನುವಾರ ಮಗಳು ತಾಡಪತ್ರಿ ತೆಗೆದಳು. ಲಾರಿ ಕರೆಸಿ ಕಾರನ್ನು ಮತ್ತೆ ಗಂಗಾವತಿಗೆ ಕಳಿಸಿ, ತಾನು ಬಸ್ಸಿನಲ್ಲಿ ಹೋದಳು. ಅವರಿಬ್ಬರ ನಡುವೆ ಏನು ಮಾತಾಯಿತೋ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಎಂಜಿನ್ ಕೂಡಿಸುತ್ತಿದ್ದಾರೆ. ಈ ಸಲ ನಮ್ಮ ಕಡೆ ಸಿಗುವ ಸಾದಾ ಪೆಟ್ರೋಲಿಗೇ ತಡೆಯುವಂತೆ ಟರ್ಬೊದ ಒತ್ತಡ ಇಳಿಸೋಣ ಎನ್ನುತ್ತಾನೆ ಮೇಸ್ತ್ರಿ. ಇಳಿಸಿದರೆ ಟ್ರ್ಯಾಕಿಗೆ ಯಾಕೆ ಹೋಗಬೇಕು ಎನ್ನುತ್ತಾಳೆ ಮಗಳು. ಫೋನಿನಲ್ಲಿ ಗಂಟೆಗಟ್ಟಲೆ ಜಗಳ. ನಾನು ಆ ಕಡೆ ಕಿವಿ ಕೊಟ್ಟು ಕೂತಿರುತ್ತೇನೆ. ಅರ್ಧ ತಿಳಿಯುತ್ತದೆ, ಅರ್ಧ ಇಲ್ಲ.

ಶೆಡ್ಡಿನಿಂದ ಗಾಡಿ ಒಯ್ದಿದ್ದ ಹೊಸಪೇಟೆಯ ಇಬ್ಬರಲ್ಲಿ ಒಬ್ಬ ತಿರುಗಿ ಬಂದಿದ್ದಾನಂತೆ. ಇನ್ನೊಬ್ಬ ಬಂದಿಲ್ಲ. ಅವನು ನನ್ನ ಧ್ವನಿ ಕೇಳಿಯೂ ಬರಲಿಲ್ಲವೋ, ಕೇಳಲೇ ಇಲ್ಲವೋ, ಅಥವಾ ಬೇರೆ ಕಡೆ ಕೆಲಸ ಒಳ್ಳೆಯದಾಯಿತೋ ಎಂದು ಮೇಸ್ತ್ರಿಯನ್ನು ಕೇಳಿದೆ.

"ಆ ಹುಡುಗನ್ನ ನೀವ ಕೇಳ್ರಿ ಕಾಕಾ," ಅಂದು ನಂಬರು ಕೊಟ್ಟ. ಎರಡು ಸಲ ಹಚ್ಚಿದೆ. ಎತ್ತಲಿಲ್ಲ. ನಾಳೆ ಹೊಸಪೇಟೆಗೆ ಹೋಗಬೇಕೆಂದಿದ್ದೇನೆ.